ಕಾರಿನ ಎಂಜಿನ್ ಬೆಲ್ಟಿನ ಕೀರಲು ಸದ್ದು

ಕಾರಿನ ಎಂಜಿನ್ ಬೆಲ್ಟಿನ ಕೀರಲು ಸದ್ದು ಎಂದರೆ ಎಂಜಿನ್ನಿನ ಹೊರಮೈಯಲ್ಲಿ ಓಡುವ ರಬ್ಬರ್ ಬೆಲ್ಟ್ ತನ್ನ ಪುಲ್ಲಿಗಳ ಮೇಲೆ ಜಾರಿದಾಗ ಅಥವಾ ಓರೆಯಾಗಿ ಓಡಿದಾಗ ಹೊರಡುವ ತೀಕ್ಷ್ಣವಾದ ಧ್ವನಿ. ಆಡುಮಾತಿನಲ್ಲಿ ಈ ಬೆಲ್ಟಿಗೆ ಇಂದಿಗೂ ಫ್ಯಾನ್ ಬೆಲ್ಟ್ ಎಂದೇ ಹೆಸರು. ಆದರೆ ಈಗಿನ ಬಹುತೇಕ ಕಾರುಗಳಲ್ಲಿ ಫ್ಯಾನನ್ನು ತಿರುಗಿಸುವುದು ಪ್ರತ್ಯೇಕ ವಿದ್ಯುತ್ ಮೋಟಾರು. ಸದ್ದು ಬೆಲ್ಟಿನಿಂದ ಕೇಳಿಬಂದರೂ ದೋಷವು ಅನೇಕ ಸಲ ಬೆಲ್ಟಿನಲ್ಲಿ ಇರುವುದಿಲ್ಲ. ಕಾರಣವನ್ನು ಗುರುತಿಸದೆ ಬೆಲ್ಟನ್ನಷ್ಟೇ ಬದಲಾಯಿಸಿದರೆ ಕೆಲವೇ ದಿನಗಳಲ್ಲಿ ಅದೇ ಸದ್ದು ಮರಳಬಹುದು.

ರಚನೆ ಮತ್ತು ಕಾರ್ಯ

ಎಂಜಿನ್ನಿನ ಕ್ರ್ಯಾಂಕ್ ಷಾಫ್ಟಿನ ತುದಿಯಲ್ಲಿರುವ ಪುಲ್ಲಿಯು ಬೆಲ್ಟನ್ನು ಎಳೆಯುತ್ತದೆ. ಬೆಲ್ಟು ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್ ಮತ್ತು ಹಲವು ಕಾರುಗಳಲ್ಲಿ ವಾಟರ್ ಪಂಪನ್ನು ತಿರುಗಿಸುತ್ತದೆ. ಹಳೆಯ ಮಾದರಿಗಳಲ್ಲಿ ಪವರ್ ಸ್ಟೀರಿಂಗ್ ಪಂಪೂ ಇದರ ಮೇಲೆಯೇ ಅವಲಂಬಿತ. ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಮೋಟಾರಿನಿಂದ ಬೀಸುವ ಕಲ್ಲಿಗೆ ಶಕ್ತಿಯನ್ನು ಸಾಗಿಸುವ ಪಟ್ಟಿಯನ್ನು ನೋಡಿದವರಿಗೆ ಇದರ ತತ್ತ್ವ ಅಪರಿಚಿತವಲ್ಲ. ಹಿಡಿತವೆಲ್ಲ ಘರ್ಷಣೆಯಿಂದ, ಘರ್ಷಣೆ ತಪ್ಪಿದಲ್ಲಿ ಸದ್ದು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮುಂತಾದ ಕಾರುಗಳಲ್ಲಿ ಇದ್ದುದು ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಅಡ್ಡಕೊಯ್ತವುಳ್ಳ ಬೆಲ್ಟ್. ಅದರ ಬಿಗಿತವನ್ನು ಬೋಲ್ಟ್ ಸಡಿಲಿಸಿ ಕೈಯಿಂದಲೇ ಸರಿಪಡಿಸಬೇಕಾಗಿತ್ತು. ಈಗ ಬಳಕೆಯಲ್ಲಿರುವುದು ಒಳಮೈಯಲ್ಲಿ ಉದ್ದುದ್ದ ಗೀರುಗಳಿರುವ ಅಗಲವಾದ ಬೆಲ್ಟ್. ಒಂದೇ ಬೆಲ್ಟು ಎಲ್ಲ ಪುಲ್ಲಿಗಳನ್ನೂ ಹಾವಿನಂತೆ ಬಳಸಿಕೊಂಡು ಹೋಗುವ ವ್ಯವಸ್ಥೆ 1970ರ ದಶಕದ ಕೊನೆಯಲ್ಲಿ ಅಮೆರಿಕದ ಕಾರುಗಳಲ್ಲಿ ಬಂದಿತು. ಇಂತಹ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಸ್ಪ್ರಿಂಗ್ ಇರುವ ಟೆನ್ಷನರ್ ಬಿಗಿತವನ್ನು ತಾನಾಗಿಯೇ ಕಾಯ್ದುಕೊಳ್ಳುತ್ತದೆ.

ಸದ್ದಿನ ಬಗೆಗಳು

ಕಿವಿಗೊಟ್ಟು ಕೇಳಿದರೆ ಮೂರು ಬಗೆಯ ಸದ್ದುಗಳು ಬೇರೆಬೇರೆಯಾಗಿ ತಿಳಿಯುತ್ತವೆ. ಗಾಡಿ ಸ್ಟಾರ್ಟ್ ಮಾಡಿದಾಗ, ಎ.ಸಿ. ಹಾಕಿದಾಗ ಅಥವಾ ಆಕ್ಸಿಲರೇಟರ್ ಒತ್ತಿದಾಗ ಒಂದೇ ಸಮನೆ ಕಿರ್ರೆಂದು ಕೀರಿದರೆ ಬೆಲ್ಟು ಜಾರುತ್ತಿದೆ ಎಂದರ್ಥ. ಹೆಚ್ಚಾಗಿ ಜಾರುವುದು ಆಲ್ಟರ್ನೇಟರಿನ ಮೇಲೆ. ಅದರ ಪುಲ್ಲಿ ಚಿಕ್ಕದು, ಬೆಲ್ಟಿಗೆ ಹಿಡಿಯಲು ದೊರೆಯುವ ಜಾಗವೂ ಕಡಿಮೆ. ರಾತ್ರಿಯೆಲ್ಲ ನಿಂತಿದ್ದ ಕಾರು ಮುಂಜಾನೆ ಮಾತ್ರ ಕೀರಿ ಸುಮ್ಮನಾಗುವುದಕ್ಕೆ ಸ್ಟಾರ್ಟ್ ಆದೊಡನೆ ಆಲ್ಟರ್ನೇಟರಿನ ಮೇಲೆ ಬೀಳುವ ಹೊರೆ ಮತ್ತು ಬೆಲ್ಟಿನ ಮೇಲಿನ ಇಬ್ಬನಿಯ ತೇವ ಕಾರಣ.

ಎರಡನೆಯದು ಹಕ್ಕಿ ಚಿಲಿಪಿಲಿಗುಟ್ಟಿದಂತೆ ಬಿಟ್ಟುಬಿಟ್ಟು ಬರುವ ಸದ್ದು. ಎಂಜಿನ್ನಿನ ವೇಗಕ್ಕೆ ತಕ್ಕಂತೆ ಇದರ ಲಯವೂ ಏರುತ್ತದೆ. ಒಂದು ಪುಲ್ಲಿ ಉಳಿದವುಗಳ ನೇರಕ್ಕೆ ಇಲ್ಲದಿರುವುದೇ ಇದರ ಸಾಮಾನ್ಯ ಕಾರಣ. ಆಲ್ಟರ್ನೇಟರ್ ಅಥವಾ ಕಂಪ್ರೆಸರನ್ನು ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ಸದ್ದು ಆರಂಭವಾಗಿದ್ದರೆ ಮೊದಲು ಸಂಶಯಿಸಬೇಕಾದುದು ಇದನ್ನೇ. ಮೂರನೆಯದಾದ ಗೊರಗೊರ ಸದ್ದು ಬೆಲ್ಟಿನದಲ್ಲ, ಬೇರಿಂಗಿನದು.

ಪತ್ತೆಹಚ್ಚುವ ಕ್ರಮ

ಮೊದಲ ಪರೀಕ್ಷೆ ಕಣ್ಣಿನದು. ಎಂಜಿನ್ನನ್ನು ನಿಲ್ಲಿಸಿ, ಕೀಲಿ ತೆಗೆದು, ಬೆಲ್ಟಿನ ಮೇಲೆ ಎಣ್ಣೆ ಅಥವಾ ಕೂಲಂಟಿನ ಕಲೆ, ಅಂಚಿನಲ್ಲಿ ಎಳೆ ಬಿಟ್ಟಿರುವುದು, ಮೈ ಗಾಜಿನಂತೆ ಹೊಳೆಯುವುದು ಇವೆಯೇ ಎಂದು ನೋಡಬೇಕು. ಹಿಂದಿನ ನಿಯೋಪ್ರೀನ್ ಬೆಲ್ಟುಗಳು ಸವೆದಂತೆ ಬಿರುಕು ಬಿಡುತ್ತಿದ್ದವು. ಈಗಿನ ಇ.ಪಿ.ಡಿ.ಎಂ. ರಬ್ಬರಿನ ಬೆಲ್ಟುಗಳು ಸುಲಭವಾಗಿ ಬಿರಿಯುವುದಿಲ್ಲ; ಟೈರಿನಂತೆ ಸವೆಯುತ್ತವೆ. ಬಿರುಕು ಕಾಣದ ಕಾರಣಕ್ಕೆ ಬೆಲ್ಟು ಚೆನ್ನಾಗಿದೆ ಎಂದು ಹೇಳುವುದು ಹಳೆಯ ಅನುಭವವನ್ನು ಹೊಸ ವಸ್ತುವಿಗೆ ಅನ್ವಯಿಸಿದಂತೆ. ಗೀರುಗಳ ಆಳವನ್ನು ಅಳೆದೇ ನಿರ್ಧರಿಸಬೇಕು.

ಎರಡನೆಯದು ನೀರಿನ ಪರೀಕ್ಷೆ. ಎಂಜಿನ್ ಸಾವಕಾಶವಾಗಿ ಓಡುತ್ತಿರುವಾಗ ದೂರದಿಂದಲೇ ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೀರುಗಳ ಕಡೆಗೆ ಸ್ವಲ್ಪ ನೀರು ಚಿಮುಕಿಸುತ್ತಾರೆ. ಸದ್ದು ಹೆಚ್ಚಾದರೆ ಬಿಗಿತ ಸಾಲದು. ಸದ್ದು ಕ್ಷಣಕಾಲ ಅಡಗಿ ನೀರು ಆರಿದೊಡನೆ ಮರಳಿದರೆ ಪುಲ್ಲಿ ಓರೆಯಾಗಿದೆ. ಏನೂ ವ್ಯತ್ಯಾಸವಾಗದಿದ್ದರೆ ಬೇರಿಂಗುಗಳ ಕಡೆ ಗಮನ ಹರಿಸಬೇಕು. ಆಗ ಬೆಲ್ಟನ್ನು ಕಳಚಿ ಒಂದೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿದರೆ ಸವೆದದ್ದು ಒರಟಾಗಿ ತಿರುಗುತ್ತದೆ, ಇಲ್ಲವೇ ಅಲುಗಾಡುತ್ತದೆ. ಎ.ಸಿ. ಹಾಕಿದಾಗ ಮಾತ್ರ ಸದ್ದು ಬರುವುದಾದರೆ ಕಂಪ್ರೆಸರನ್ನೂ ಪರೀಕ್ಷಿಸಬೇಕು. ಟೆನ್ಷನರಿನ ತೋಳು ಎಂಜಿನ್ ಓಡುವಾಗ ಜೋರಾಗಿ ಕುಣಿಯುವುದು ಅದರ ಸ್ಪ್ರಿಂಗು ಸೋತ ಸೂಚನೆ.

ಓಡುವ ಎಂಜಿನ್ನಿನ ಬಳಿ ಸೀರೆಯ ಸೆರಗು, ದುಪಟ್ಟಾ, ಹೆಗಲ ಮೇಲಿನ ಟವೆಲ್, ಬಿಚ್ಚಿದ ಕೂದಲು ಇರಕೂಡದು. ವಿದ್ಯುತ್ ಫ್ಯಾನು ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಲು ಆರಂಭಿಸಬಹುದು.

ಸದ್ದನ್ನು ಅಡಗಿಸಲು ಬೆಲ್ಟಿಗೆ ಸೋಪು, ಮೇಣ, ಗ್ರೀಸ್ ಅಥವಾ ಅಂಗಡಿಯಲ್ಲಿ ದೊರೆಯುವ ಸ್ಪ್ರೇ ಹಾಕುವ ರೂಢಿಯುಂಟು. ಇದು ರೋಗಕ್ಕೆ ಮದ್ದಲ್ಲ, ನರಳುವವನ ಬಾಯಿ ಮುಚ್ಚಿದಂತೆ. ಗ್ರೀಸ್ ಹಿಡಿತವನ್ನೇ ಕೆಡಿಸುತ್ತದೆ. ಅಂಟಿನ ಪದಾರ್ಥಗಳು ಧೂಳನ್ನು ಸೆಳೆದು ಗೀರುಗಳಲ್ಲಿ ತುಂಬುತ್ತವೆ.

ಚಿತ್ರದುರ್ಗ ಪ್ರದೇಶದಲ್ಲಿ

ಚಿತ್ರದುರ್ಗ ಜಿಲ್ಲೆಯಂತಹ ಒಣಭೂಮಿಯಲ್ಲಿ ಧೂಳನ್ನು ಪ್ರತ್ಯೇಕವಾಗಿ ಗಮನಿಸಬೇಕಾಗುತ್ತದೆ. ಮಳೆ ಕಡಿಮೆ, ಗಾಳಿ ಜೋರು. ಬೆಟ್ಟಗಳ ಮೇಲಿನ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರಿನ ಗಣಿಗಾರಿಕೆಯಿದೆ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿ, ಹೊಸದುರ್ಗ ಮೊದಲಾದ ಕಡೆಗಳ ಮಣ್ಣಿನ ಹಾದಿಗಳಲ್ಲಿ ಓಡಾಡುವ ಕಾರಿನ ಬೆಲ್ಟಿನ ಗೀರುಗಳಲ್ಲಿ ನುಣ್ಣನೆಯ ಧೂಳು ಸೇರಿಕೊಂಡರೆ ಅದು ಉಪ್ಪುಕಾಗದದಂತೆ ಬೆಲ್ಟನ್ನೂ ಪುಲ್ಲಿಯನ್ನೂ ಸವೆಸುತ್ತದೆ. ಕೆಲವು ಕಾರುಗಳಲ್ಲಿ ಬೆಲ್ಟಿನ ಕೆಳಗೆ ಇರುವ ಪ್ಲಾಸ್ಟಿಕ್ ಮುಚ್ಚಳವು ಮುರಿದುಬಿದ್ದಿದ್ದರೆ ಧೂಳಿಗೆ ಬಾಗಿಲು ತೆರೆದಂತೆಯೇ. ಹೊಸ ಬೆಲ್ಟ್ ಹಾಕುವ ಮುನ್ನ ಪುಲ್ಲಿಯ ಗೀರುಗಳನ್ನು ಒಣ ಬ್ರಷ್‌ನಿಂದ ತಿಕ್ಕಿ ತೆಗೆಯುವುದು ಅಗತ್ಯ.

ಬೆಲ್ಟು ತುಂಡಾದರೆ

ತುಂಡಾದ ಕೂಡಲೇ ಡ್ಯಾಷ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಪವರ್ ಸ್ಟೀರಿಂಗ್ ಪಂಪು ಬೆಲ್ಟಿನಿಂದ ನಡೆಯುವುದಾದರೆ ಸ್ಟೀರಿಂಗ್ ಭಾರವಾಗುತ್ತದೆ. ವಾಟರ್ ಪಂಪೂ ಅದೇ ಬೆಲ್ಟಿನಲ್ಲಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕಾದು ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ ಹಾಳಾಗುವ ಸಂಭವವಿದೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 40 ಕಿಲೋಮೀಟರ್; ಬೇಸಿಗೆಯ ಮಧ್ಯಾಹ್ನ 'ಊರು ಮುಟ್ಟಿ ನೋಡೋಣ' ಎಂದು ಅಷ್ಟು ದೂರ ಓಡಿಸಿದರೆ ಬೆಲ್ಟಿನ ಖರ್ಚು ಎಂಜಿನ್ನಿನ ಖರ್ಚಾಗಿ ಬೆಳೆಯುತ್ತದೆ. ಕಾರನ್ನು ರಸ್ತೆಯ ಅಂಚಿಗೆ ತಂದು ಎಂಜಿನ್ ನಿಲ್ಲಿಸಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಟೈಮಿಂಗ್ ಬೆಲ್ಟ್ ಎಂಬುದು ಇದಕ್ಕಿಂತ ಬೇರೆ. ಅದು ಹಲ್ಲುಗಳುಳ್ಳ, ಮುಚ್ಚಳದೊಳಗೆ ಓಡುವ ಬೆಲ್ಟು. ಈ ಲೇಖನದಲ್ಲಿ ಹೇಳಿದ ನೀರಿನ ಪರೀಕ್ಷೆಯನ್ನು ಅದರ ಮೇಲೆ ಮಾಡಬಾರದು.