ಮನೆ ಕಟ್ಟೋಕೆ ಮುಂಚೆ ನಕ್ಷೆ: ಯಲಹಂಕ, ಹೆಬ್ಬಾಳ ಭಾಗದವರು ತಿಳಿದಿರಬೇಕಾದದ್ದು

ಯಲಹಂಕ: ‘ಮೊದಲು ಪಾಯ ತೆಗೆಸಿಬಿಡಿ ಸಾರ್, ಪ್ಲಾನ್ ಆಮೇಲೆ ಮಾಡಿಸಿದ್ರಾಯ್ತು’ ಅನ್ನೋ ಮೇಸ್ತ್ರಿಗಳು ನಮ್ಮ ಕಡೆ ಕಡಿಮೆ ಇಲ್ಲ. ಇಷ್ಟು ವರ್ಷ ಹೇಗೋ ನಡೀತು. ಈಗ ನಡೆಯೋದು ಕಷ್ಟ. ಸ್ವಾಧೀನಾನುಭವ ಪತ್ರ (ಓಸಿ) ನೋಡಿದ ಮೇಲೆಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ. ಬೆಸ್ಕಾಂ ಇದನ್ನು ಜಾರಿಗೆ ತಂದ ಮೇಲೆ ಮನೆ ಪೂರ್ತಿಯಾದರೂ ಕಾಯಂ ಮೀಟರ್ ಸಿಗದೆ ಪರದಾಡಿದವರು ತುಂಬಾ ಜನ.

ಅನುಮತಿ ಕೊಡೋರು ಯಾರು?

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ಯಲಹಂಕ, ಬ್ಯಾಟರಾಯನಪುರ ಕಡೆಯವರು ಉತ್ತರ ಪಾಲಿಕೆಗೆ ಬರುತ್ತಾರೆ. ಯಶವಂತಪುರ ಸುತ್ತಮುತ್ತಲಿನವರು ತಮ್ಮ ವಾರ್ಡ್ ಯಾವ ಪಾಲಿಕೆಯದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ನಗರದ ಗಡಿ ದಾಟಿ ದೇವನಹಳ್ಳಿ ಕಡೆ ಸೈಟು ಇದ್ದರೆ ವಿಚಾರಿಸಬೇಕಾದದ್ದು ಬಯಪ್ಪದಲ್ಲಿ.

ಮೊದಲು ಖಾತೆ

ಕ್ರಯಪತ್ರ, ಇಸಿ, ತೆರಿಗೆ ರಸೀದಿ, ಇ-ಖಾತಾ ಒಟ್ಟಿಗೆ ಇಟ್ಟುಕೊಳ್ಳಿ. ನಾಲ್ಕರಲ್ಲೂ ಹೆಸರು, ಸೈಟಿನ ಅಳತೆ, ಚಕ್ಕುಬಂದಿ ಒಂದೇ ಆಗಿರಬೇಕು. ಅರ್ಧ ಅಡಿ ವ್ಯತ್ಯಾಸ ಇದ್ದರೂ ಮೊದಲು ಸರಿಪಡಿಸಿಕೊಳ್ಳಿ. ಬಿ ಖಾತಾ ಸೈಟಿಗೆ ನಕ್ಷೆ ಮಂಜೂರಾತಿ ಸಿಗುತ್ತಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಬಿ ಖಾತಾದಿಂದ ಎ ಖಾತಾಗೆ ಬದಲಾಯಿಸಿಕೊಳ್ಳುವ ಯೋಜನೆ ಪ್ರಕಟಿಸಿದೆ. ಅಂಥವರು ಮೊದಲು ಆ ಕೆಲಸ ಮುಗಿಸಿ, ಆಮೇಲೆ ನಕ್ಷೆಗೆ ಹೋಗೋದು ಒಳ್ಳೇದು. ಅಕ್ರಮ-ಸಕ್ರಮ ಬರುತ್ತೆ ಅಂತ ಕಾಯಬೇಡಿ, ಅದಕ್ಕೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತು.

ನಂಬಿಕೆ ನಕ್ಷೆ

50x80 ಅಡಿವರೆಗಿನ ಸೈಟಿನಲ್ಲಿ ನಾಲ್ಕು ಮನೆವರೆಗೆ ಕಟ್ಟೋರಿಗೆ 2024ರಲ್ಲಿ ಶುರುವಾದ ‘ನಂಬಿಕೆ ನಕ್ಷೆ’ ಅನುಕೂಲ. ಪಾಲಿಕೆಯಲ್ಲಿ ನೋಂದಾಯಿತರಾದ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಆನ್‌ಲೈನ್‌ನಲ್ಲಿ ನಕ್ಷೆ ಹಾಕಿ, ಶುಲ್ಕ ಕಟ್ಟಿದರೆ ತಾತ್ಕಾಲಿಕ ಮಂಜೂರಾತಿ ಬರುತ್ತೆ. ಅಧಿಕಾರಿಗಳು ಆಮೇಲೆ ಪರಿಶೀಲಿಸುತ್ತಾರೆ. ದಾಖಲೆ ಸುಳ್ಳು ಅಂತಾದರೆ ಮಂಜೂರಾತಿ ಹೋಗುತ್ತೆ. ಹಾಗಾಗಿ ಯಾರದೋ ಹಳೇ ನಕ್ಷೆಗೆ ನಿಮ್ಮ ಹೆಸರು ಹಾಕಿಕೊಡ್ತೀನಿ ಅನ್ನೋರಿಂದ ದೂರ ಇರಿ.

ನಮ್ಮ ಕಡೆಯ ಎರಡು ವಿಶೇಷ

ಒಂದು, ಕೆರೆ-ರಾಜಕಾಲುವೆ. 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆ ಮಧ್ಯದಿಂದ ದರ್ಜೆ ಪ್ರಕಾರ 50, 25, 15 ಮೀಟರ್ ಬಫರ್ ಇದೆ. ಜಕ್ಕೂರು, ರಾಚೇನಹಳ್ಳಿ, ಅಳ್ಳಾಳಸಂದ್ರ, ಹೆಬ್ಬಾಳ ಕೆರೆಗಳ ಹತ್ತಿರ ಸೈಟು ಕೊಳ್ಳೋರು ಹಳೇ ಗ್ರಾಮನಕ್ಷೆ ತೆಗೆಸಿ ನೋಡಿ. 2024ರ ಅಕ್ಟೋಬರ್ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರದೊಳಗೆ ನೀರು ನಿಂತು, ಜನರನ್ನು ದೋಣಿಯಲ್ಲಿ ಹೊರಗೆ ತಂದದ್ದು ಮರೆಯೋ ಹಾಗಿಲ್ಲ.

ಎರಡು, ವಿಮಾನ. ವಾಯುಪಡೆ ನೆಲೆ, ಜಕ್ಕೂರು ಏರೋಡ್ರೋಮ್ ಎರಡೂ ಇಲ್ಲೇ ಇರೋದರಿಂದ ಎತ್ತರಕ್ಕೆ ಮಿತಿ ಇದೆ. ಮಹಡಿ ಲೆಕ್ಕ ಹಾಕೋ ಮುಂಚೆ ಎನ್‌ಒಸಿ ಬೇಕಾ ಅಂತ ಕೇಳಿಕೊಳ್ಳಿ.

ನೆನಪಿರಲಿ

* 30x40 ಮತ್ತು ಮೇಲ್ಪಟ್ಟ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ.
* ಕಾರ್ಮಿಕ ಕಲ್ಯಾಣ ಸೆಸ್ ಶೇ 1. ಸ್ವಂತ ವಾಸದ, 50 ಲಕ್ಷ ರೂ. ಒಳಗಿನ ಮನೆಗೆ ವಿನಾಯಿತಿ.
* ಕೆಳಗೆ ಅಂಗಡಿ ಬೇಕಿದ್ದರೆ ನಕ್ಷೆಯಲ್ಲೇ ತೋರಿಸಿ. ರಸ್ತೆ ಅಗಲದ ಮೇಲೆ ಅದು ನಿಂತಿರುತ್ತೆ. ಕಾರ್ ಪಾರ್ಕಿಂಗ್ ಅಂತ ತೋರಿಸಿ ಶಟರ್ ಹಾಕಿದರೆ ಓಸಿ, ಟ್ರೇಡ್ ಲೈಸೆನ್ಸ್ ಎರಡಕ್ಕೂ ತೊಂದರೆ.
* ಮಂಜೂರಾತಿಗೆ ಸಾಮಾನ್ಯವಾಗಿ ಎರಡು ವರ್ಷ ಅವಧಿ. ಮುಗಿಯೋ ಮುಂಚೆ ನವೀಕರಿಸಿ.
* 1,200 ಚದರಡಿ ಒಳಗಿನ ಸೈಟಿನಲ್ಲಿ ನೆಲಮಹಡಿ ಮತ್ತು ಎರಡು, ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿಯ ವಾಸದ ಮನೆಗೆ 2025ರಲ್ಲಿ ಓಸಿ ವಿನಾಯಿತಿ ಸಿಕ್ಕಿದೆ. ಇದು ಓಸಿಗೆ ಮಾತ್ರ. ನಕ್ಷೆಯೇ ಬೇಡ ಅಂತಲ್ಲ.

ಇನ್ನೊಂದು ಮಹಡಿ ಯಾಕೆ ಬೇಡ?

ಬಾಡಿಗೆ ಆಸೆಗೆ ಮಂಜೂರಾತಿ ಮೀರಿ ಒಂದು ಮಹಡಿ ಏರಿಸೋದು ಎಲ್ಲ ಬೀದಿಯಲ್ಲೂ ಕಾಣುತ್ತೆ. ಪಾಯ ಹಾಕಿದ್ದು ಎಷ್ಟು ಮಹಡಿಗೆ ಅನ್ನೋದು ಮಾತ್ರ ಬಾಡಿಗೆಗೆ ಬರೋರಿಗೆ ಕಾಣಲ್ಲ. 2024ರ ಅಕ್ಟೋಬರ್ 22ರಂದು ಹೆಣ್ಣೂರು ಬಳಿಯ ಬಾಬುಸಾಬ್‌ಪಾಳ್ಯದಲ್ಲಿ ಅಕ್ರಮವಾಗಿ ಏಳುತ್ತಿದ್ದ ಕಟ್ಟಡ ಕುಸಿದು 9 ಮಂದಿ ಸತ್ತರು. ಸತ್ತವರು ಅಲ್ಲಿ ದುಡಿಯೋಕೆ ಬಂದಿದ್ದ ಕೂಲಿಯವರು.

ಮಂಜೂರಾದ ನಕ್ಷೆಯ ಒಂದು ಪ್ರತಿ ಸೈಟಿನಲ್ಲೇ ಇಡಿ. ಪ್ರತಿ ಮೋಲ್ಡ್‌ಗೆ ಮುಂಚೆ ಎಂಜಿನಿಯರ್ ಜೊತೆ ನಿಂತು ಟೇಪ್ ಹಿಡಿದು ನೋಡಿ. ಗೋಡೆ ಏಳೋ ಮುಂಚೆ ತಪ್ಪು ಸಿಕ್ಕರೆ ಅರ್ಧ ದಿನದ ಕೂಲಿಯಲ್ಲಿ ಮುಗಿಯುತ್ತೆ.