ಗೆರೆಯಿಲ್ಲದ ಹೆಜ್ಜೆ



ಕೊಪ್ಪಳದ ಗವಿಮಠಕ್ಕೆ ತಾವು ಹಲವು ಸಲ ಹೋಗಿರಬಹುದು. ಜಾತ್ರೆಯಲ್ಲಿ ತೇರು ಸಾಗುವುದನ್ನು ಕಂಡಿರಬಹುದು. ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿರಬಹುದು. ಅದೇ ಬೆಟ್ಟದ ಬಂಡೆಯೊಂದರ ಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿ ಕೊರೆಯಿಸಿದ ಮಾತುಗಳಿವೆ. ಅವುಗಳ ಮುಂದೆ ಅರೆಗಳಿಗೆ ನಿಂತವರು ನಮ್ಮಲ್ಲಿ ಎಷ್ಟು ಮಂದಿ?

ಅದು ಮೌರ್ಯ ಚಕ್ರವರ್ತಿ ಅಶೋಕನ ಶಾಸನ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ವಿದ್ವಾಂಸರ ಗಮನಕ್ಕೆ ಅದು ಬಂದುದು 1931ರಲ್ಲಿ. ಸಮೀಪದ ಪಾಲ್ಕಿಗುಂಡಿನ ಮೇಲೆಯೂ ಇದೇ ಶಾಸನದ ಪಾಠವಿದೆ. ಆದರೆ ಅದು ಬಹಳಷ್ಟು ಸವೆದುಹೋಗಿದೆ. ಇಂಥ ಬಂಡೆಯ ಮೇಲೆ ಅರಸರು ಸಾಮಾನ್ಯವಾಗಿ ತಮ್ಮ ಗೆಲುವುಗಳನ್ನು ಬರೆಯಿಸುವುದು ರೂಢಿ. ಅಶೋಕನಾದರೋ ತನ್ನ ಕೊರತೆಯನ್ನು ಬರೆಯಿಸಿದನು. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತು, ಮೊದಲ ವರ್ಷದಲ್ಲಿ ತಾನು ಸಾಕಷ್ಟು ಶ್ರಮಿಸಲಿಲ್ಲ, ಸಂಘವನ್ನು ಸಮೀಪಿಸಿದ ಮೇಲೆ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎಂಬುದು ಅದರ ತಾತ್ಪರ್ಯ. ಈ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಸಣ್ಣವನಿಗೂ ದಕ್ಕುತ್ತದೆ ಎಂದೂ ಅವನು ಸೇರಿಸುತ್ತಾನೆ.

ಶ್ರಮವೆಂಬ ಅರ್ಥದಲ್ಲಿ ಅಲ್ಲಿ ಬಂದಿರುವ ಪದದ ಮೂಲ ‘ಪ್ರಕ್ರಮ’. ಪರಾಕ್ರಮ, ವಿಕ್ರಮ ಎಂಬ ಪದಗಳೂ ಅದೇ ಧಾತುವಿನಿಂದ ಹುಟ್ಟಿದವು. ಆ ಧಾತುವಿಗೆ ಹೆಜ್ಜೆಯಿಡುವುದೆಂದು ಅರ್ಥ. ಹಗೆಯ ನಾಡಿನೊಳಕ್ಕೆ ನುಗ್ಗುವುದೂ ಹೆಜ್ಜೆಯೇ, ಧರ್ಮದೆಡೆಗೆ ನಡೆಯುವುದೂ ಹೆಜ್ಜೆಯೇ. ಆದುದರಿಂದ ಮಹತ್ವಾಕಾಂಕ್ಷೆ ತನ್ನಷ್ಟಕ್ಕೆ ತಪ್ಪಲ್ಲ. ಆ ಹೆಜ್ಜೆ ಎಲ್ಲಿ ನಿಲ್ಲಬೇಕೆಂಬ ಗೆರೆಯನ್ನು ಎಳೆದುಕೊಂಡಿದ್ದೇವೆಯೇ ಎಂಬುದೇ ಪ್ರಶ್ನೆ.

ಅಶೋಕನು ಆ ಗೆರೆಯನ್ನು ಎಳೆದುದು ತಡವಾಗಿ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದಾಗ ಅವನು ಕಳಿಂಗವನ್ನು ಗೆದ್ದನು. ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಸಾಗಿಸಲ್ಪಟ್ಟರು, ಅದರ ಎಷ್ಟೋ ಪಾಲು ಜನ ಮತ್ತೆ ಸತ್ತರು ಎಂದು ಅವನೇ ತನ್ನ ಹದಿಮೂರನೆಯ ಬಂಡೆಶಾಸನದಲ್ಲಿ ಒಪ್ಪಿಕೊಂಡಿದ್ದಾನೆ. ಪಶ್ಚಾತ್ತಾಪ ನಿಜವಾದುದು, ಆದರೆ ಕಳಿಂಗವನ್ನು ಅವನು ಹಿಂದಿರುಗಿಸಲಿಲ್ಲ. ಅವನ ಅಧಿಕಾರಿಗಳೇ ಅಲ್ಲಿ ಆಡಳಿತ ನಡೆಸಿದರು. ತಡವಾಗಿ ಎಳೆದ ಗೆರೆ ಮುಂದಿನ ಹೆಜ್ಜೆಯನ್ನು ತಡೆಯಬಲ್ಲದು, ಇಟ್ಟ ಹೆಜ್ಜೆಯನ್ನು ಅಳಿಸಲಾರದು.

ಗೆರೆಯನ್ನು ಮೊದಲೇ ಎಳೆದುಕೊಂಡವನೊಬ್ಬನು ನಮ್ಮ ಸೀಮೆಯಲ್ಲಿಯೇ ಇದ್ದನು. ಗಂಗಾವತಿಯ ಬಳಿಯ ಕುಮ್ಮಟದುರ್ಗವನ್ನು ನೆಲೆಯಾಗಿಸಿಕೊಂಡಿದ್ದ ಕಂಪಿಲರಾಯನೇ ಅವನು. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಅವನ ಸೋದರಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪನು ಓಡಿಬಂದು ಕಂಪಿಲನ ಮರೆಹೊಕ್ಕನು. ಒಪ್ಪಿಸಿಬಿಟ್ಟಿದ್ದರೆ ರಾಜ್ಯ ಉಳಿಯುತ್ತಿತ್ತೇನೋ! ಕಂಪಿಲನು ಒಪ್ಪಿಸಲಿಲ್ಲ. ಸೋಲು ಖಚಿತವಾದಾಗ ಅತಿಥಿಯನ್ನು ಹೊಯ್ಸಳ ಮೂರನೆಯ ಬಲ್ಲಾಳನ ಕಡೆಗೆ ಸಾಗಹಾಕಿ ತಾನು ಹೋರಾಡಿ ಮಡಿದನು. ಅರಮನೆಯ ಹೆಂಗಳೆಯರು ಅಗ್ನಿಪ್ರವೇಶ ಮಾಡಿದರೆಂದು ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಅದು ಸುಮಾರು 1327ರ ಮಾತು. ಬಲ್ಲಾಳನು ಅತಿಥಿಯನ್ನು ಸುಲ್ತಾನನ ದಂಡಿಗೆ ಒಪ್ಪಿಸಿದನು. ಅವನನ್ನು ಹಳಿಯುವುದು ಸುಲಭ. ಆದರೆ ಅವನ ಹಿಂದೆಯೂ ಒಂದು ನಾಡಿನ ಪ್ರಜೆಗಳಿದ್ದರು. ಮೌಲ್ಯವೆಂಬುದು ಅಗ್ಗದ ಸರಕಲ್ಲ. ಅದರ ಬೆಲೆಯನ್ನು ಕೆಲವೊಮ್ಮೆ ನಮ್ಮವರೂ ತೆರಬೇಕಾಗುತ್ತದೆ ಎಂಬ ಕಹಿಸತ್ಯವನ್ನು ಕುಮ್ಮಟದ ಪಾಳುಗೋಡೆಗಳು ಮುಚ್ಚಿಡುವುದಿಲ್ಲ.

ಇನ್ನು ಅದೇ ಗಂಗಾವತಿ ಸೀಮೆಯ ಆನೆಗೊಂದಿಗೆ ಬನ್ನಿ. ತುಂಗಭದ್ರೆಯ ಈ ದಡದಲ್ಲಿ ನಿಂತರೆ ಆಚೆ ವಿಜಯನಗರದ ಹಾಳುಬಿದ್ದ ವೈಭವ. ಅಲ್ಲಿ ಅಳಿಯ ರಾಮರಾಯನೂ ಒಬ್ಬನಿಗೆ ಆಶ್ರಯವಿತ್ತಿದ್ದನು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನು ಅಣ್ಣನಿಗೆ ಹೆದರಿ ಬಂದು ಏಳು ವರ್ಷ ವಿಜಯನಗರದಲ್ಲಿ ಗೌರವದಿಂದ ಬಾಳಿದನು. 1550ರಲ್ಲಿ ಹಿಂದಿರುಗಿ ಪಟ್ಟವೇರಿದನು. ಇಂಥ ಸ್ನೇಹ ಎಷ್ಟು ದೊಡ್ಡ ಕೋಟೆ! ಆದರೆ ರಾಮರಾಯನ ಹೆಜ್ಜೆಗೆ ಗೆರೆಯಿರಲಿಲ್ಲ. ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿ, ಸೋತವನ ನೆಲವನ್ನು ಕಿತ್ತುಕೊಂಡು, ಕಡೆಗೆ ಗೋಲ್ಕೊಂಡದ ಕೋಟೆಗಳ ಮೇಲೆಯೂ ಕೈಹಾಕಿದನು. ಪರಸ್ಪರ ಹಗೆಗಳಾಗಿದ್ದವರನ್ನು ಅವನ ಭಯವೇ ಒಂದುಗೂಡಿಸಿತು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ರಣರಂಗದಲ್ಲಿ ಅವನೆದುರು ನಿಂತವರಲ್ಲಿ ಅದೇ ಇಬ್ರಾಹಿಮನೂ ಇದ್ದನು. ವೃದ್ಧನಾಗಿದ್ದ ರಾಮರಾಯನ ತಲೆ ಉರುಳಿತು, ವಿಜಯನಗರ ಸೂರೆಯಾಯಿತು.

ಓದುಗರೇ, ನಾವಾರೂ ಚಕ್ರವರ್ತಿಗಳಲ್ಲ. ಆದರೆ ಗಂಗಾವತಿಯ ಭತ್ತದ ವರ್ತಕನಿಗೂ, ಕುಷ್ಟಗಿ ಯಲಬುರ್ಗಾಗಳ ಮಳೆಯಾಶ್ರಿತ ಹೊಲವನ್ನು ಬಿಟ್ಟು ಪಟ್ಟಣಕ್ಕೆ ಓದಲು ಹೊರಟ ತರುಣನಿಗೂ ಏರುವ ಹಂಬಲವಿದೆ, ಇರಲೇಬೇಕು. ಗಳಿಸಬೇಡವೆಂದು ಶರಣರು ಹೇಳಲಿಲ್ಲ. ಗಳಿಕೆ ಕಾಯಕದಿಂದ ಬರಲಿ, ಬಂದುದು ದಾಸೋಹಕ್ಕೆ ಸಲ್ಲಲಿ ಎಂದರು. ಹೆಜ್ಜೆಯ ಆ ತುದಿಗೂ ಈ ತುದಿಗೂ ಅವರು ಎಳೆದ ಗೆರೆಗಳೇ ಇವು. ತಮ್ಮ ಗೆರೆ ಯಾವುದು? ಯಾವ ಲಾಭ ಬಂದರೂ ತಾವು ಮಾಡಲಾರದ ಕೆಲಸ ಯಾವುದು, ಯಾವ ನಷ್ಟವಾದರೂ ಕೈಬಿಡಲಾರದ ಜನ ಯಾರು? ಉತ್ತರವನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು.

ಮುಂದಿನ ಸಲ ಗವಿಮಠಕ್ಕೆ ಹೋದಾಗ ದರ್ಶನ ಮುಗಿಸಿ ಆ ಬಂಡೆಯ ಬಳಿಗೂ ನಡೆದು ಬನ್ನಿ. ಅಕ್ಷರ ಓದಲು ಬಾರದಿದ್ದರೂ ಚಿಂತೆಯಿಲ್ಲ. ಲಕ್ಷ ಜೀವಗಳು ಹೋದ ಮೇಲೆ ಎಚ್ಚೆತ್ತವನೊಬ್ಬನು, ನೀವಾದರೂ ಮೊದಲೇ ಎಚ್ಚರಗೊಳ್ಳಿರೆಂದು ನಮ್ಮ ಬೆಟ್ಟದಲ್ಲಿ ನಿಂತು ಹೇಳುತ್ತಿರುವಂತೆ ತೋರೀತು.