ನಾಲೆಯ ನೀರು, ಚಳಿಗಾಲದ ಹಕ್ಕಿ: ಕೊಕ್ಕನೂರು ಪರಿಸರದ ಒಂದು ಟಿಪ್ಪಣಿ

ಹರಿಹರ ತಾಲ್ಲೂಕಿನ ಕೊಕ್ಕನೂರಿಗೆ ಜನ ಹೋಗುವುದು ಆಂಜನೇಯನ ದರ್ಶನಕ್ಕೆ. ದುರ್ಬೀನು ಹಿಡಿದವರ ಬೈಕು ಚಳಿಗಾಲದಲ್ಲಿ ಕೊಂಡಜ್ಜಿ ಕೆರೆಗೋ ದೇವರಬೆಳಕೆರೆ ಪಿಕಪ್ ಅಣೆಕಟ್ಟೆಗೋ ತಿರುಗುತ್ತದೆ. ಕೆರೆಯಲ್ಲಿ ಬಾತುಗಳು ಸಿಗುತ್ತವೆ, ನಿಜ. ಆದರೆ ಭದ್ರಾ ಅಚ್ಚುಕಟ್ಟಿನ ಈ ಭಾಗದ ಹಕ್ಕಿಗಳ ಓಡಾಟ ತಿಳಿಯಬೇಕಾದರೆ ಬೆಳಗಿನ ಹೊತ್ತು ಊರ ಪಕ್ಕದ ಚಾನಲ್ ಏರಿಯ ಮೇಲೆ ನಡೆಯುವುದೇ ಮೇಲು. ಇಲ್ಲಿ ಬೆಳಗಿನ ಹಕ್ಕಿ ಪಟ್ಟಿಯನ್ನು ಚಳಿಗಿಂತ ಹೆಚ್ಚಾಗಿ ನೀರಿನ ಸರದಿ ನಿರ್ಧರಿಸುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಲಕ್ಕವಳ್ಳಿಯ ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ. ಬಲದಂಡೆ ನಾಲೆಯ ನೀರು ನಂಬಿ ಇಲ್ಲಿ ಎರಡು ಭತ್ತ ಬೆಳೆಯುತ್ತಾರೆ. ಮಳೆಗಾಲದ ಬೆಳೆ ಕಟಾವಾಗುವ ಹೊತ್ತಿಗೆ ನಾಲೆ ನಿಲ್ಲುತ್ತದೆ. ಬೇಸಿಗೆ ಬೆಳೆಗೆ ನೀರು ಬರುವುದು ಸಾಮಾನ್ಯವಾಗಿ ಜನವರಿಯಲ್ಲಿ, ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿದ ಮೇಲೆ.

ನಾಲೆ ನಿಂತ ದಿನಗಳಲ್ಲಿ ಕೂಳೆ ಗದ್ದೆ ಒಣನೆಲದ ಹಕ್ಕಿಗಳದ್ದು. ಉದುರಿದ ಭತ್ತಕ್ಕೆ ರಾಟವಾಳಗಳ ಗುಂಪು, ಒಣ ಹೆಂಟೆಗಳ ನಡುವೆ ನೆಲಗುಬ್ಬಿ, ತಂತಿಯ ಮೇಲೆ ನೀಲಕಂಠ, ಕಾಜಾಣ. ನೆತ್ತಿಯ ಕೆಂಪು ಹೊಳೆಯಿಸುತ್ತ ಕರಿ ಕೆಂಬರಲುಗಳೂ ಇಂಥ ಒಣನೆಲಕ್ಕೇ ಇಳಿಯುತ್ತವೆ. ನೀರು ಬಿಟ್ಟು, ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರ್ ಕೆಸರು ಕಲಕತೊಡಗಿದರೆ ನೋಟವೇ ಬದಲು. ಚಕ್ರದ ಬೆನ್ನಿಗೇ ಬೆಳ್ಳಕ್ಕಿ, ಗೋವಕ್ಕಿಗಳು ಮುಗಿಬೀಳುತ್ತವೆ. ಡ್ರೈವರ್ ಹಾರ್ನ್ ಮಾಡಿದರೂ ಕದಲುವುದಿಲ್ಲ.

ವಲಸೆ ಬಂದ ಸಿಪಿಲೆಗಳಲ್ಲಿ ನೀರಿಗೆ ತಕ್ಕ ಈ ಭೇದ ಇನ್ನೂ ಸ್ಪಷ್ಟ. ಬೂದು ಸಿಪಿಲೆಗೆ ಹರಿಯುವ ನೀರು ಬೇಕು. ಅದನ್ನು ತೂಬಿನ ಬಾಯಲ್ಲಿ, ನಾಲೆಯ ಕಲ್ಲುಕಟ್ಟಡದ ಅಂಚಿನಲ್ಲಿ ಹುಡುಕಬೇಕು. ಬೆನ್ನು ಬೂದು, ಬಾಲದ ಬುಡದಡಿ ಹಳದಿ, ಬಾಲ ಮಿಕ್ಕೆಲ್ಲ ಸಿಪಿಲೆಗಳಿಗಿಂತ ಉದ್ದ, ಕಾಲು ತಿಳಿ ಬಣ್ಣ. ಹಳದಿ ಸಿಪಿಲೆಯ ಕಾಲು ಕಪ್ಪು, ಬೆನ್ನು ಹಸಿರು ಛಾಯೆಯದು. ಅದರ ಜಾಗ ತೇವದ ಬಯಲು ಗದ್ದೆ. ಹೊಟ್ಟೆಯ ಹಳದಿಯೊಂದನ್ನೇ ನೋಡಿ ಹೆಸರು ಬರೆಯುವವರು ಎರಡನ್ನೂ ಒಂದೇ ಮಾಡುತ್ತಾರೆ. ಗದ್ದೆಗೊರವಗಳಲ್ಲೂ ಹೀಗೆಯೇ: ಬೆನ್ನ ತುಂಬ ಚುಕ್ಕೆಯಿರುವ ಅಡವಿ ಗದ್ದೆಗೊರವ ಕೆಸರು ಮಡಿಯಲ್ಲಿ, ಹೆಗಲ ಮುಂದೆ ಬಿಳಿ ಪಟ್ಟಿಯಿದ್ದು ಹಿಂಭಾಗ ಕುಣಿಸುತ್ತಲೇ ಇರುವ ಸಾಮಾನ್ಯ ಗದ್ದೆಗೊರವ ನಾಲೆಯ ದಡದಲ್ಲಿ.

ನೀರಿನೊಂದಿಗೆ ಹಕ್ಕಿಗಳೂ ಬದಲಾಗುವುದರಿಂದ ಎಣಿಕೆಗೊಂದು ತೊಡಕಿದೆ. 1987ರಲ್ಲಿ ಆರಂಭವಾದ ಏಷ್ಯಾ ಜಲಪಕ್ಷಿ ಗಣತಿ ನಡೆಯುವುದು ಜನವರಿಯಲ್ಲಿ, ಅಂದರೆ ನಾಲೆ ತುಂಬುವ ಆಸುಪಾಸಿನಲ್ಲೇ. ಒಂದು ವರ್ಷ ಎಣಿಕೆಯ ದಿನ ಗದ್ದೆಯಲ್ಲಿ ನೀರಿದ್ದು, ಮರುವರ್ಷ ಇಲ್ಲದಿದ್ದರೆ ಗದ್ದೆಗೊರವ ‘ಕಡಿಮೆಯಾಯಿತು’ ಎನ್ನುವುದು ಆತುರದ ಮಾತು. ಮಳೆ ಕೈಕೊಟ್ಟ 2023ರಲ್ಲಿ ಭದ್ರಾ ನೀರನ್ನು ಆನ್ ಅಂಡ್ ಆಫ್ ಪದ್ಧತಿಯಲ್ಲಿ, ಅಂದರೆ ಕೆಲ ದಿನ ಹರಿಸಿ ಕೆಲ ದಿನ ನಿಲ್ಲಿಸುತ್ತ, ಬಿಡುವ ತೀರ್ಮಾನಕ್ಕೆ ದಾವಣಗೆರೆಯ ರೈತರು ಬೀದಿಗಿಳಿದಿದ್ದರು. ಅಂಥ ವರ್ಷದ ಪಟ್ಟಿಯನ್ನು ತುಂಬು ವರ್ಷದ ಪಟ್ಟಿಯ ಪಕ್ಕ ಇಟ್ಟು ಲೆಕ್ಕ ಹಾಕಿದರೆ ಅರ್ಥ ಹೊರಡದು.

ಆದ್ದರಿಂದ ಈ ಭಾಗದ ಹವ್ಯಾಸಿಗಳಲ್ಲಿ ಒಂದು ವಿನಂತಿ: ದಿನಾಂಕ, ವೇಳೆಯ ಜೊತೆಗೆ ಚಾನಲ್‌ನಲ್ಲಿ ನೀರಿತ್ತೇ, ಗದ್ದೆ ಕೂಳೆಯೋ ಕೆಸರೋ ನಾಟಿಯೋ ಎಂಬುದನ್ನೂ ಬರೆದಿಡಿ.